ಹೆಸರು ಓದುವ ಭಾನುವಾರ

ಕಪ್ಪು ರಟ್ಟಿನ ಈ ಪುಸ್ತಕದಲ್ಲಿ ದೇವರ ಹೆಸರು
ಒಂದೇ ಕಡೆ ಇದೆ, ಮೊದಲ ಹಾಳೆಯ ನೆತ್ತಿಗೆ.
ಉಳಿದದ್ದೆಲ್ಲ ನಮ್ಮದು:
ಮನೆತನ, ಮೊತ್ತ, ಹೋದ ವರ್ಷದ ಮೊತ್ತ.

ಹದಿನೇಳು ವರ್ಷದಿಂದ ನಾನೇ ಬರೆಯುತ್ತೇನೆ.
ಮಗ್ಗಿ ಕಲಿಸುವವಳ ಅಕ್ಷರ ದುಂಡಗಿದೆ ಎಂದು
ಹಿಂದಿನ ಪಾದ್ರಿ ಒಪ್ಪಿಸಿಹೋದ ಕೆಲಸ.
ಟೊಂಗಾದ ಈ ಅಂಗೈಯಗಲದ ದ್ವೀಪದಲ್ಲಿ
ಒಂದು ತುದಿಯಲ್ಲಿ ಕೆಮ್ಮಿದರೆ
ಇನ್ನೊಂದು ತುದಿಯಲ್ಲಿ ಕಷಾಯ ಕುದಿಯುತ್ತದೆ.
ಗುಟ್ಟು ಅಂದರೆ ಇಲ್ಲಿ
ಎಲ್ಲರಿಗೂ ಗೊತ್ತಿದ್ದು ಯಾರೂ ಎತ್ತದ ಮಾತು.

ವರ್ಷದ ಕಾಣಿಕೆಯ ಭಾನುವಾರ ಮಾತ್ರ ಎತ್ತುತ್ತಾರೆ.
ಮೈಕಿನಲ್ಲಿ.

ಸೊಂಟಕ್ಕೆ ಚಾಪೆ ಸುತ್ತಿಕೊಂಡ ಗಂಡಸರು,
ಗಂಜಿ ಹಾಕಿದ ಬಿಳಿಯುಡುಪಿನ ಹೆಂಗಸರು,
ಮೇಜಿನ ಮೇಲೆ ಬಟ್ಟಲು.
ವಿಲಿಸೋನಿ ಗಂಟಲು ಸರಿಮಾಡಿಕೊಂಡು ಓದುತ್ತಾನೆ:
ಲೊಲೊಹೇಆ ಮನೆತನ, ಎರಡು ಸಾವಿರದ ನಾನೂರು ಪಾಂಗಾ.
ಬೆಂಚಿನಿಂದ ಬೆಂಚಿಗೆ ಹೂಂಗುಟ್ಟುವಿಕೆ.
ಆಕ್ಲೆಂಡಿನ ತಂಗಿ, ಕಿವಿ ಹಣ್ಣಿನ ತೋಟದ ಮೂರು ತಿಂಗಳು,
ಬಡಿದು ಬಡಿದು ಅಗಲಿಸಿದ ತೊಗಟೆಯ ಬಟ್ಟೆ,
ಹಬ್ಬಕ್ಕೆಂದು ಸಾಕಿ ಮಾರಿದ ಹಂದಿ,
ಎಲ್ಲ ಒಂದು ಅಂಕೆಯ ಹೊಟ್ಟೆಯೊಳಗೆ.

ಫೆಲೆತಿಯದು ಬಂತು.
ಹೋದ ಸಲ ಆರುನೂರು.
ಈ ಸಲ ಇಪ್ಪತ್ತು.
ಮೈಕು ಆ ಇಪ್ಪತ್ತನ್ನು ತೆಂಗಿನ ಸಾಲಿನಾಚೆ ಒಯ್ದು
ಹವಳದ ದಿಬ್ಬಕ್ಕೆ ಬಡಿದು ವಾಪಸು ತಂದಿತು.
ಯಾವುದೋ ಮಗು ಬೀಸಣಿಗೆ ಕೆಡವಿತು. ಅದೂ ಕೇಳಿತು.
ಅವನ ಹೆಂಡತಿ ಲೂಸೇನಿ ನೆಟ್ಟಗೆ ಕೂತಿದ್ದಳು,
ಕೈಯಲ್ಲಿ ಕೀರ್ತನೆಯ ಪುಸ್ತಕ ತಲೆಕೆಳಗಾಗಿ.

ಕಲ್ಲೆಸೆದವರಿಲ್ಲ. ಒಬ್ಬರೂ ತಿರುಗಿ ನೋಡಲಿಲ್ಲ.
ಇಡೀ ಊರು ಒಟ್ಟಿಗೆ ನೋಡದಿರುವುದಿದೆಯಲ್ಲ,
ಅದಕ್ಕೆ ಎಷ್ಟು ಕಣ್ಣು ಬೇಕು!

ಒಂದು ಮಾತಿದೆ, ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ:
ನನಗೆ ನಂಬಿಕೆ ಹೋಗಿ ಒಂಬತ್ತು ವರ್ಷವಾಯಿತು.
ಜಗಳವೇನೂ ಆಗಲಿಲ್ಲ. ಒಂದು ಬೆಳಗ್ಗೆ
ಪ್ರಾರ್ಥನೆಗೆ ಕಣ್ಣು ಮುಚ್ಚಿದೆ, ಒಳಗೆ
ಬರೀ ಕಣ್ಣು ಮುಚ್ಚಿದ ಕತ್ತಲೆ ಇತ್ತು.
ಯಾರೂ ಕೇಳಲಿಲ್ಲ. ಅದನ್ನು ಕೇಳುವ ಪದ್ಧತಿಯಿಲ್ಲ.
ಮೂರನೆಯ ಬೆಂಚಿನ ಎಡತುದಿ ಖಾಲಿಬಿದ್ದರೆ ಕೇಳುತ್ತಾರೆ.
ನಾನು ಖಾಲಿ ಬಿಟ್ಟಿಲ್ಲ.

ಅಪ್ಪ ಸತ್ತ ರಾತ್ರಿ
ನಾನು ಅಳುವುದಕ್ಕೆ ಮೊದಲೇ ಅಂಗಳದಲ್ಲಿ ಒಲೆ ಹತ್ತಿತ್ತು.
ಗೆಣಸು ಹೊತ್ತವರು, ಚಾಪೆ ಹೊತ್ತವರು,
ಮೂರು ವರ್ಷ ಅಪ್ಪನೊಡನೆ ಮಾತುಬಿಟ್ಟಿದ್ದ
ಹಾನಿತೇಲಿ ಮುದುಕ ಗುದ್ದಲಿ ಹೊತ್ತು.
ಆತ್ಮ ಎಲ್ಲಿಗೆ ಹೋಯಿತೆಂದು ಒಬ್ಬರೂ ಅನ್ನಲಿಲ್ಲ.
ತಟ್ಟೆ ಎಷ್ಟು ಬೇಕು ಎಂದರು.
ಬೆಳಗಿನ ತನಕ ಹಾಡಿದರು. ಮೇಲಿನ ಸ್ವರಕ್ಕೆ
ದನಿ ಸಾಲದಾದಾಗ ನಾನೂ ಎತ್ತಿಕೊಂಡೆ.
ನಂಬದ ಗಂಟಲು ಶ್ರುತಿ ತಪ್ಪಲಿಲ್ಲ.

ಬಿರುಗಾಳಿಯ ವರ್ಷ ತಗಡು ಹಾರಿಹೋದ ಎಂಟು ಮನೆಗೆ
ಇದೇ ಬಟ್ಟಲಿನಿಂದ ತಗಡು ಬಂತು.
ಎಂಟರಲ್ಲಿ ಒಂದು ಫೆಲೆತಿಯದು.
ಪಾದ್ರಿಯ ಮನೆಗೆ ಹೊಸ ಫ್ರಿಜ್ಜೂ ಬಂತು, ಅದಿರಲಿ.
ಗುದ್ದಲಿ ಹೊತ್ತು ಬಂದ ಕೈ,
ಇಪ್ಪತ್ತಕ್ಕೆ ಉಸಿರು ಹಿಡಿದ ಎದೆ,
ಎರಡೂ ಒಂದೇ ಮೈಯವು. ಬಿಡಿಸಿ ಕೊಡಿ,
ನನಗೆ ಕೈ ಸಾಕು ಎಂದರೆ
ಕೊಡುವವರು ಯಾರು?

ಸೋಮವಾರ ಕತ್ತಲಾಗುವ ಹೊತ್ತಿಗೆ ಫೆಲೆತಿ ಬಂದ.
ಮೆಟ್ಟಿಲ ಮೇಲೇ ನಿಂತ. ಒಳಗೆ ಕರೆದೆ, ಬರಲಿಲ್ಲ.
ನೋಟುಗಳಿಗೆ ದೋಣಿಯ ಮೋಟಾರಿನ ಪೆಟ್ರೋಲ್ ವಾಸನೆ.
"ಇದನ್ನೂ ಸೇರಿಸು."
ಪುಸ್ತಕ ಮುಚ್ಚಿದೆ ಫೆಲೆತಿ, ಮೊತ್ತ ಕೂಡಿಯಾಯಿತು.
"ಹಾಗಾದರೆ ಬರುವ ವರ್ಷಕ್ಕೆ ಬರಿ.
ಮೊದಲನೆಯದಾಗಿ ಬರಿ.
ಮೊದಲು ಓದುವ ಹಾಗೆ."

ಬೇಡ ಅನ್ನಬಹುದಿತ್ತು.
ಮೋಟಾರು ಬಿಡಿಸಿಕೊ ಅನ್ನಬಹುದಿತ್ತು.
ದೀಪ ಹತ್ತಿರ ಎಳೆದು ಹೊಸ ಪುಸ್ತಕ ತೆರೆದೆ.
ನೆತ್ತಿಗೆ ಬರೆಯಬೇಕಾದ ಹೆಸರನ್ನು
ಅದೇ ದುಂಡು ಅಕ್ಷರದಲ್ಲಿ ಬರೆದೆ.
ಅದರ ಕೆಳಗೆ,
ಅವನು ನೋಡುತ್ತಿದ್ದ ಹಾಗೆಯೇ:
ಫೆಲೆತಿ, ಐನೂರ ಎಂಬತ್ತು.